ಬಿಳಿ ಅಣಬೆಯ ಹಸಿರು ಪುಡಿ

ಜುಲೈ 11, ಬೆಳಿಗ್ಗೆ 7

ರೊಟ್ಟಿ ಆಯಿತು. ಹಿತ್ತಲಲ್ಲಿ ತಿಪ್ಪೆಯ ಬಾಜು ಮತ್ತೆ ಅಣಬೆ. ಬೆಳ್ಳಗೆ, ಅಂಗೈಯಗಲ, ಮೇಲೆ ಕಂದು ಚಕ್ಕೆ. ಏಳು ತಿಂಗಳ ಬಸುರಿ ನಾದಿನಿ ತವರಿಗೆ ಬಂದಿದ್ದಾಳೆ, ಅಣಬೆ ಸಾರು ಬೇಕಂತೆ. ಅತ್ತೆಗೆ ಹಿಗ್ಗೋ ಹಿಗ್ಗು. ನನಗೆ ಡೌಟು. ತಿನ್ನುವ ಹುತ್ತದ ಅಣಬೆ ಕಿತ್ತರೆ ಬೇರಿನಂಥ ಉದ್ದ ಬಾಲ ಬರಬೇಕು, ಇವಕ್ಕಿಲ್ಲ. ಅತ್ತೆಗೆ ಹೇಳಿದೆ.

"ನವಲಗುಂದದ ಎರಿ ಹೊಲದಾಕಿ ನೀ. ಅಣಬಿ ಯಾವಾಗ ಕಂಡೀ?"

ಬಮ್ಮಿಗಟ್ಟಿಯಲ್ಲಿ ಅಣಬೆಯ ವಿಷಯಕ್ಕೆ ನಮ್ಮತ್ತೆ ಕೆಂಚವ್ವನ ಮಾತೇ ಕೊನೆ. ನನ್ನ ಬಿ.ಎಸ್ಸಿ. ಬಾಟನಿ ಯಾರಿಗೆ ಬೇಕು. ಮೈ ಉರಿಯಿತು.

11 ಗಂಟೆ

ಅಣಬೆ ಕುದಿಯುವಾಗ ಅತ್ತೆ ಬೆಳ್ಳಿ ಉಂಗುರ ಹಾಕಿದರು. ಕಪ್ಪಾಗಲಿಲ್ಲ. "ನೋಡ, ವಿಷ ಇಲ್ಲ." ಬೆಳ್ಳಿಗೇನು ಗೊತ್ತು... ಪಾತ್ರೆ ಎತ್ತಿ ತಿಪ್ಪೆಗೆ ಸುರುವಿ ಬಂದೆ. ನಾದಿನಿ ಅತ್ತಳು. ಅತ್ತೆ ಮಾತು ಬಿಟ್ಟರು.

ಒಂದು ಹಸಿ ಅಣಬೆ ಉಳಿಸಿಕೊಂಡಿದ್ದೇನೆ. ಅದರ ಕೊಡೆ ಮಾತ್ರ ಕತ್ತರಿಸಿ ಬಿಳಿ ಹಾಳೆಯ ಮೇಲಿಟ್ಟೆ, ಮೇಲೆ ಬೋಗುಣಿ. ನಾಳೆಗೆ ಬೀಜಕಣದ ಪುಡಿ ಉದುರುತ್ತದೆ. ಹಸಿರಾದರೆ ವಿಷದ್ದೇ. ಬೇರೆ ಬಣ್ಣವಾದರೆ ಈ ಮನೆಯಲ್ಲಿ ನನ್ನ ಮಾತು ಮುಗಿಯಿತು.

ಜುಲೈ 12, 6 ಗಂಟೆ

ಹಸಿರು. ಮಾಸಲು, ಆದರೂ ಹಸಿರೇ. ಹಾಳೆಯನ್ನು ಅತ್ತೆಯ ಮುಂದಿಟ್ಟೆ.

"ಬಿಳಿ ಅಣಬ್ಯಾಗ ಹಸರ ಎಲ್ಲಿಂದ ಬಂತ?"

"ಅದರ ಬೀಜ ರೀ ಅತ್ತಿ. ತಿಂದಿದ್ರ ವಾಂತಿ, ಭೇದಿ ನಿಲ್ತಿದ್ದಿಲ್ಲ."

ಅತ್ತೆ ಬೆರಳಿಂದ ಒರೆಸಿ ನೋಡಿದರು. ಮಗಳ ಹೊಟ್ಟೆ ನೋಡಿದರು. ನನಗೆ ಕುಣಿಯಬೇಕೆನಿಸಿತು. ಸೆಗಣಿ ಬಳಿಯುವುದಿತ್ತು, ಹೋದೆ.

ಜುಲೈ 19

ಬೇಲಿಯ ಹುತ್ತದ ಮೇಲೆ ಅಣಬೆ ಎದ್ದಿವೆ. ಅತ್ತೆಯೇ ಅಗೆದು, ಗೇಣುದ್ದದ ಬಾಲ ಮುರಿಯದಂತೆ ತಂದರು. ಆ ಕೈ ನನಗೆ ಬರುವುದಿಲ್ಲ, ಒಪ್ಪಿದೆ. ಹಾಳೆ ಅವರೇ ಕೇಳಿದರು.

ಜುಲೈ 20

ಪುಡಿ ನಸುಗುಲಾಬಿ, ಹುತ್ತದ ಅಣಬೆಯದೇ ಬಣ್ಣ. ಹುತ್ತ, ಬಾಲ, ಬಣ್ಣ—ಎಲ್ಲ ಕೂಡಿದ ಮೇಲೆಯೇ ಒಲೆಗೆ. ನಾದಿನಿ ಎರಡು ಸಲ ಹಾಕಿಸಿಕೊಂಡಳು. ಗೆದ್ದೆ.

ಜುಲೈ 22, ಮಧ್ಯಾಹ್ನ

ಒಳಗೆ ಕೂತು ಬರೆಯುತ್ತಿದ್ದೇನೆ. ಬಾಜು ಮನೆಯ ರೇವವ್ವ ಬುಟ್ಟಿ ತುಂಬ ಅಣಬೆ ತಂದಿದ್ದಾಳೆ, ಜೊತೆಗೆ ಓಣಿಯ ಹೆಂಗಸರು. "ಕೆಂಚವ್ವ, ಉಂಗರ ಹಾಕಿ ನೋಡಿ ಕೊಡ."

"ಉಂಗರ ನಂಬಿ ಬಸರಿ ಮಗಳಿಗೇ ವಿಷ ಬಡಸ್ತಿದ್ದೆ, ರೇವವ್ವ. ಸೊಸಿ ತಪ್ಪಿಸಿದ್ಲು. ಇನ್ನ ಆಕಿನ್ನ ಕೇಳ್ರಿ."

ಎಲ್ಲರ ಎದುರಿಗೆ ಅಂದರು. ಕಣ್ಣು ತುಂಬಿ ಅಕ್ಷರ ಕಾಣುತ್ತಿಲ್ಲ. ಅತ್ತೆ ಕರೆಯುತ್ತಿದ್ದಾರೆ—ಭಾಗ್ಯಾ, ಹೊರಗ ಬಾ, ನಾನೂ ಕಲೀತೇನಿ...