ಹುಟ್ಟುಹಬ್ಬದ ಚಾಕಲೇಟು ಪೆಟ್ಟಿಗೆ

ಒಟೋನ್, ಇಲೋಇಲೋ
ಬುಧವಾರ, ಜೂನ್ ೧೧

ಪ್ರೀತಿಯ ಕೋನ್ಸಿಂಗ್,

ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಎಷ್ಟಾದರೂ ನೀನು ನನ್ನ ಮಗಳ ಧರ್ಮತಾಯಿ. ಫೋನಿನಲ್ಲಾದರೆ ಬೈದುಬಿಡುತ್ತೇನೆ, ಕಾಗದದಲ್ಲಿ ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ನನ್ನ ಗಂಡ ದೂಲೋ ಹೇಗಿದ್ದಾನೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಡಗಿನ ಎಂಜಿನ್ ಕೋಣೆಯಲ್ಲಿ ಕಬ್ಬಿಣ ಎತ್ತುವಾಗ ಹೋದ ಬೆನ್ನು ಹೋದದ್ದೇ. ಎಡಗಾಲಿನ ಚಪ್ಪಲಿ ಜಾರಿಬಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಇಂಥವನನ್ನು ಇನ್ನು ಯಾವ ಹಡಗು ಹತ್ತಿಸಿಕೊಳ್ಳುತ್ತದೆ? ಕಂಪನಿ ಕೊಡಬೇಕಾದ ಪರಿಹಾರ ಬಿಟ್ಟರೆ ನಮಗೆ ಬೇರೆ ದಿಕ್ಕಿಲ್ಲ.

ಅದಕ್ಕೂ ನಿನ್ನ ಗಂಡ ಫೆರ್ಮಿನ್ ಕಲ್ಲು ಹಾಕಿದ. ಕಾಯಿಲೆ ಬಿದ್ದು ಇಳಿದ ನಾವಿಕ ಮೂರು ಕೆಲಸದ ದಿನದೊಳಗೆ ಕಂಪನಿಯ ಡಾಕ್ಟರಿಗೆ ತೋರಿಸಿಕೊಳ್ಳದಿದ್ದರೆ ಪರಿಹಾರದ ಹಕ್ಕು ಹೋಯಿತು. ಹಡಗಿಗೆ ಆಳು ಕಳಿಸುವ ಏಜೆನ್ಸಿಯ ಮ್ಯಾನೇಜರಾದ ಅವನಿಗೆ ಇದು ಗೊತ್ತಿರಲಿಲ್ಲವೇ? ದೂಲೋ ಮನಿಲಾದಲ್ಲಿ ವಿಮಾನ ಇಳಿದ ಮರುದಿನವೇ ನಿಮ್ಮ ಆಫೀಸಿಗೆ ಬಂದಿದ್ದ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕೈಯಲ್ಲಿ ಇಷ್ಟು ದೊಡ್ಡ ಚಾಕಲೇಟು ಪೆಟ್ಟಿಗೆ ಹೊತ್ತು. ಹಡಗಿನಿಂದ ಬಂದವನು ಬರಿಗೈಯಲ್ಲಿ ಬಂದರೆ ನಮ್ಮಲ್ಲಿ ಮುಖ ಎತ್ತುವಂತಿಲ್ಲವಲ್ಲ. ಅದರಲ್ಲೂ ಅವತ್ತು ನಿನ್ನ ಹುಟ್ಟುಹಬ್ಬ, ನೀನೂ ಅಲ್ಲೇ ಇದ್ದೆ. ಫೆರ್ಮಿನ್ ಅಂದನಂತೆ: “ಡಾಕ್ಟ್ರು ಇವತ್ತಿಲ್ಲ ಕಣೋ. ಊರಿಗ್ಹೋಗು, ಹೆಂಡ್ತಿ ಕೈಯಡುಗೆ ಉಣ್ಣು, ಊರಹಬ್ಬ ಮುಗಿಸ್ಕೊಂಡು ನಿಧಾನಕ್ಕೆ ಬಾ. ನಾನಿಲ್ವಾ?”

ಇದ್ದ, ಇಲ್ಲವೆನ್ನುವುದಿಲ್ಲ. ಹಬ್ಬ ಮುಗಿಸಿ ಹೋದಾಗ ಅದೇ ಕುರ್ಚಿಯಲ್ಲಿ ಕೂತು, “ಅವಧಿ ಮೀರೋಯ್ತಲ್ಲ ಮಾರಾಯ, ನಾನೇನ್ಮಾಡ್ಲಿ?” ಅಂದ. ಪರಿಹಾರಕ್ಕೆ ನಾವು ಹಾಕಿದ ದಾವೆಯಲ್ಲಿ, ಹೋದ ತಿಂಗಳ ವಿಚಾರಣೆಯ ದಿನ ಪ್ರಮಾಣ ಮಾಡಿ, ಊರಹಬ್ಬಕ್ಕೆ ಮುಂಚೆ ಇವನು ತಮ್ಮ ಆಫೀಸಿನ ಹೊಸಿಲೇ ತುಳಿದಿಲ್ಲ ಎಂದುಬಿಟ್ಟ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಹೊರಗೆ ಬಂದು ನಾನು ಕೂಗಾಡಿದರೆ ದೂಲೋ, “ಬಿಡೇ, ನಮ್ಮ ಮಗೂನ ಎತ್ಕೊಂಡು ದೀಕ್ಷಾಸ್ನಾನ ಮಾಡಿಸ್ದೋನು. ಅವ್ನಿಗೂ ಹೊಟ್ಟೆಪಾಡಲ್ವಾ?” ಎಂದು ನನಗೇ ಬುದ್ಧಿ ಹೇಳಿದ.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಫೆರ್ಮಿನ್ನನ ನಾಲಿಗೆ ಸೇದಿಹೋಗಲಿ ಎಂದು ಪ್ರತಿ ಭಾನುವಾರ ಮೇಣದಬತ್ತಿ ಹಚ್ಚುತ್ತೇನೆ. ಅದು ಪಾಪ ಎಂದರು ಪಾದ್ರಿಗಳು. ಆಗಲಿ, ಬತ್ತಿ ನನ್ನದು.

ಸೋಮವಾರ ಮತ್ತೆ ವಿಚಾರಣೆ ಇದೆ. ನಿನ್ನ ಗಂಡ ಅದೇ ಮಾತನ್ನು ಅದೇ ಗತ್ತಿನಲ್ಲಿ ಇನ್ನೊಮ್ಮೆ ಹೇಳಲಿ, ಅಷ್ಟೇ ನನ್ನ ಆಸೆ. ಮಗಳು ಲಿಗಾಯಾ ಧರ್ಮತಾಯಿಯನ್ನು ಕೇಳಿದಳು ಎಂದು ಬರೆಯಬೇಕು, ಕೇಳಲಿಲ್ಲ.

ಒಂದು ಕಾಲಕ್ಕೆ ನಿನ್ನ ಗೆಳತಿಯಾಗಿದ್ದ,
ರೊಸೆಂಡಾ

ತಾ.ಕ.: ಇದು ನಿನ್ನ ಕೈ ಸೇರುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಫೋನ್ ಮಾಡದೆ ಅಂಚೆಗೆ ಹಾಕಿದ್ದು ಅದಕ್ಕೇ. ಮರ್ಯಾದೆಯ ಮಾತು ಸುಮ್ಮನೆ ಬರೆದೆ. ಹುಟ್ಟುಹಬ್ಬದ ದಿನ ನೀನು ಫೇಸ್‌ಬುಕ್ಕಿಗೆ ಹಾಕಿದ ಫೋಟೋ ನೆನಪಿದೆಯೇ? ಏಜೆನ್ಸಿಯ ಬೋರ್ಡಿನ ಕೆಳಗೆ ಚಾಕಲೇಟು ಪೆಟ್ಟಿಗೆ ತೆರೆದು ಹಿಡಿದ ನೀನು, ಪಕ್ಕದಲ್ಲಿ ಸೊಂಟದ ಪಟ್ಟಿಯ ದೂಲೋ, ಅವನ ಹೆಗಲ ಮೇಲೆ ಕೈ ಹಾಕಿ ಹಲ್ಲು ಕಿರಿಯುತ್ತಿರುವ ನಿನ್ನ ಗಂಡ. “ಹಡಗಿಂದ ಇಳಿದು ಸೀದಾ ನಮ್ಮ ಹತ್ರಾನೇ ಬಂದ!” ಎಂದು ನೀನೇ ಬರೆದಿದ್ದೀಯ. ತಾರೀಖು ಸಮೇತ ಅದು ನಮ್ಮ ವಕೀಲರ ಹತ್ತಿರ ಇದೆ. ದೂಲೋಗೆ ಇನ್ನೂ ಹೇಳಿಲ್ಲ. ಹೇಳಿದರೆ ಅಳಿಸಿಬಿಡಿ ಎಂದು ಅವನೇ ನಿಮಗೆ ಫೋನ್ ಮಾಡಿಯಾನು. ಬೆನ್ನು ಮುರಿದುಕೊಂಡು ಬಂದವನು ಆ ಪೆಟ್ಟಿಗೆ ಯಾಕೆ ಹೊರಬೇಕಿತ್ತು ಎಂದು ಅವನನ್ನು ಎಷ್ಟು ಬೈದಿದ್ದೆ, ಗೊತ್ತಾ? ಇನ್ನು ಬೈಯುವುದಿಲ್ಲ.