ಕೆಳಗೆ ಕೂತವರ ಕೆಲಸ

ಹಿಂದೂಪುರ
ಬುಧವಾರ, ೬-೫-೧೯೭೦

ನನ್ನ ಮೊಮ್ಮಗಳು ಕದಿರಮ್ಮನಿಗೆ ಅಜ್ಜಿ ಬನಶಂಕರಮ್ಮ ಕೈಯಾರೆ ಬರೆಯೋದು ಏನಂದರೆ,

ಕ್ಷೇಮವಾ ತಾಯಿ? ಕೇಳೋದು ಪದ್ಧತಿ, ಅದಕ್ಕೆ ಕೇಳ್ದೆ. ನಿನ್ನ ಕ್ಷೇಮ ಎಷ್ಟು ಅಂತ ಬಳೆಗಾರ್ತಿ ಮುನೆಮ್ಮ ಹೇಳಿಬಿಟ್ಟಿದಾಳೆ. ಮಗು ಹೆಂಗಿದಾನೆ? ಏಳು ತಿಂಗಳಾಯ್ತು, ಹಲ್ಲು ಬಂತಾ? ನಿಮ್ಮಮ್ಮ ಹಂಪಮ್ಮ ಅತ್ತೂ ಅತ್ತೂ ಸಾರಿಗೆ ಎರಡು ಸಲ ಉಪ್ಪು ಹಾಕ್ತಾಳೆ. ನಿಮ್ಮಪ್ಪ ಕೇಶವಯ್ಯ ಎಂದಿನಂಗೇ ಇದಾನೆ, ಅಂದ್ರೆ ಇದ್ರೂ ಇಲ್ಲದಂಗೆ. ನನ್ನ ಮಂಡಿ ಹೋಗಿದೆ, ನಾಲಿಗೆ ಇನ್ನೂ ಹೋಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ, ಮೂರನೇ ಕ್ಲಾಸಿಗೇ ನನ್ನ ಮಗ್ಗಕ್ಕೆ ಕೂರಿಸಿದ್ರು.

ಮುನೆಮ್ಮ ಹೇಳಿದ್ದನ್ನ ಇಲ್ಲಿ ಬರೆಯೋಕೆ ಕೈ ಬರ್ತಿಲ್ಲ, ಆದ್ರೂ ಬರೀತೀನಿ, ನಮಗೆ ಗೊತ್ತಿದೆ ಅಂತ ನಿನಗೆ ಗೊತ್ತಾಗಲಿ. ಬಳೆ ಇಡಿಸೋಕೆ ನಿನ್ನ ಕೈ ಹಿಡಿದ್ರೆ ಮಣಿಕಟ್ಟು ಊದಿ ಹಸಿರು ಬಳೆ ಏರಲೇ ಇಲ್ಲವಂತೆ. ಕೆಳಗೆ ನೋಡಿದ್ರೆ ಕಾಲಿಗೆ ಹಗ್ಗದ ಬರೆ. ಬೆಳಕು ಹರಿದಾಗ ಮಗ್ಗದ ಗುಂಡಿಗೆ ಇಳಿಸಿ ಕಾಲು ಕಟ್ಟಿದ್ರೆ ದೀಪ ಹಚ್ಚೋ ಹೊತ್ತಿಗೆ ಬಿಚ್ಚೋದಂತೆ, ನಡುವೆ ಮಗೂಗೆ ಹಾಲು ಕೊಡೋಕೆ ಅಂತ ನಿಮ್ಮತ್ತೆ ಪದ್ಮಾವತಮ್ಮನೇ ತಂದು ತೊಡೆ ಮೇಲೆ ಹಾಕಿ ತಗೊಂಡು ಹೋಗ್ತಾಳಂತೆ. ನಿನ್ನ ಗಂಡ ಶ್ರೀರಾಮುಲು ನಿಂತು ನೋಡ್ತಾನಂತೆ. ಮಗ್ಗಕ್ಕೆ ಏರಿಸಿದ ಇನ್ನೊಂದು ಹಾಸು ನೂಲು ನೇಯ್ದು ಮುಗಿಯೋದ್ರೊಳಗೆ ಕರ್ಕೊಂಡು ಹೋಗದಿದ್ರೆ ಬಾವಿ ನೋಡ್ಕೋತೀನಿ ಅಂದೆಯಂತೆ. ತಪ್ಪು ನಂದು ಕಣಮ್ಮ. ಹೆಣ್ಣು ನೋಡೋಕೆ ಬಂದಾಗ ನೀನು ಹಾಡ್ತೀಯಾ, ಓದ್ತೀಯಾ ಅಂತ ಯಾರೂ ಕೇಳಲಿಲ್ಲ. ನಾನೇ ಬಾಯಿ ಬಿಟ್ಟು, ನಮ್ಮ ಹುಡುಗಿ ಎರಡು ದಿನಕ್ಕೊಂದು ಸೀರೆ ಮಗ್ಗದಿಂದ ಇಳಿಸ್ತಾಳೆ ಅಂದೆ. ಅವರ ಕಣ್ಣು ಅರಳಿದ್ದು ನಿನ್ನ ಮುಖ ನೋಡಿ ಅಂದ್ಕೊಂಡೆ. ಅವರು ಸೊಸೆ ತಗೊಂಡು ಹೋಗಲಿಲ್ಲ, ಎರಡು ಕೈ ತಗೊಂಡು ಹೋದ್ರು. ನಿಮ್ಮಪ್ಪ ನಿನ್ನ ಕರೆಯೋಕೆ ಅಂತ ಕಲ್ಯಾಣದುರ್ಗಕ್ಕೆ ಎರಡು ಸಲ ಬಂದ್ನಲ್ಲ, ಎರಡು ಸಲವೂ "ಪಂಪಿಸ್ತಾಂ ಲೆಂಡಿ" ಅಂದ್ರಂತೆ. ಕಳಿಸ್ತಾರಂತೆ ಅಂತ ಊಟ ಉಂಡು ಎಲೆಅಡಿಕೆ ಜಗೀತಾ ವಾಪಸ್ ಬಂದ ಮಹರಾಯ.

ಈಗ ಚಂದ್ರಲೋಕದ ಮಾತು ಕೇಳು. ಅಜ್ಜಿಗೆ ಪಿಚ್ಚಿ ಹಿಡೀತು ಅನ್ಕೋಬೇಡ, ಪೂರ್ತಿ ಓದು. ಹೋದ ತಿಂಗಳು ಅಮೆರಿಕದ ಮೂವರು ಚಂದ್ರನ ಕಡೆ ಹೋಗ್ತಾ ಅರ್ಧಕ್ಕಿಂತ ಹೆಚ್ಚು ದಾರಿ ದಾಟಿದ ಮೇಲೆ ಅವರ ಗಾಳಿಯ ಡ್ರಮ್ಮು ಒಡೆದುಹೋಯ್ತು. ಶಿವಯೋಗಪ್ಪ ಮೇಷ್ಟ್ರು ದಿನಾ ನಮ್ಮ ಜಗಲಿ ಮೇಲೆ ಪೇಪರ್ ಓದೋರು. ಯಾರು ಹೋಗು ಅಂದಿದ್ರು ಅವರನ್ನ ಅಂತ ನಾನು ಮೊದಲು ಬೈದೆ. ಆಮೇಲೆ ಮೂವರೂ ಜೀವಂತ ವಾಪಸ್ ಬಂದ್ರು ಅಂದಾಗ, ಅಷ್ಟು ದೂರದಿಂದ ಅವರನ್ನ ತಂದಿದ್ದು ಯಾರು ಅಂತ ಕೇಳ್ದೆ. ನೆಲದ ಮೇಲೆ ಒಂದು ಆಫೀಸಿನಲ್ಲಿ ಮಿಷನ್ನುಗಳ ಮುಂದೆ ಕೂತವರಂತೆ. ಅವರ ಹೆಸರೇನು ಅಂದ್ರೆ, "ಅವ್ವಾ, ಹಾರ ಹಾಕಿಸ್ಕೊಂಡೋರ ಹೆಸರು ಬರುತ್ತೆ, ಕೂತಿದ್ದೋರದು ಬರಲ್ಲ" ಅಂದ್ರು. ನನಗೆ ಆ ಕೂತವರ ಮೇಲೇ ಮನಸ್ಸು ಹೋಯ್ತು. ಮೇಷ್ಟ್ರನ್ನ ಬಿಡದೆ ಕೇಳಿ ಕೇಳಿ ಪ್ರಾಣ ತಿಂದೆ.

ಮೂವರೂ ಪಕ್ಕದ ಸಣ್ಣ ಕೋಣೆಗೆ ಸೇರ್ಕೊಂಡ್ರಂತೆ, ಅದು ಇಬ್ಬರಿಗೆ ಮಾಡಿದ್ದು. ಉಸಿರು ಬಿಟ್ಟೂ ಬಿಟ್ಟೂ ಗಾಳಿ ಕೆಟ್ಟುಹೋಯ್ತು. ಗಾಳಿ ತೊಳೆಯೋ ಡಬ್ಬಿ ದೊಡ್ಡ ಕೋಣೇಲಿ ಬೇಕಾದಷ್ಟಿವೆ, ಆದ್ರೆ ಅವು ಚೌಕ, ಸಣ್ಣ ಕೋಣೆಯ ತೂತು ದುಂಡಗೆ. ಕೆಳಗಿನವರು ಏನು ಮಾಡಿದ್ರು ಗೊತ್ತಾ? ಮೇಲಿನವರ ಹತ್ರ ಏನಿದೆಯೋ ಅಷ್ಟನ್ನೇ ತಮ್ಮ ಮುಂದೆ ಗುಡ್ಡೆ ಹಾಕ್ಕೊಂಡ್ರು. ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಅಂಟಿನ ಪಟ್ಟಿ, ಒಂದು ಕಾಲುಚೀಲ, ಒಗೆದಿದ್ದೋ ಇಲ್ಲವೋ ದೇವರೇ ಬಲ್ಲ. ಅದರಲ್ಲೇ ಒಂದು ಜೋಡಣೆ ಮಾಡಿ, ತಾವು ಕೆಳಗೆ ಪರೀಕ್ಷೆ ಮಾಡಿ, ಆಮೇಲೆ ಒಂದೊಂದೇ ಸಾಲು ರೇಡಿಯೋದಲ್ಲಿ ಓದಿ ಹೇಳಿದ್ರಂತೆ. ಮೇಲಿನವರು ಪ್ರತಿ ಸಾಲನ್ನೂ ತಿರುಗಿ ಒಪ್ಪಿಸಬೇಕು. ಅಲ್ಲಿ ಎಲ್ಲಾ ಆರಿಸಿದ್ರಿಂದ ಚಳಿಗೆ ನಡುಗ್ತಿದ್ರು, ಒಬ್ಬನಿಗೆ ಜ್ವರ. ಆದ್ರೂ ಕೆಳಗಿನವರು ಬೆಚ್ಚಗೆ ಮಾಡ್ಕೊಳ್ಳಿ ಅನ್ನಲಿಲ್ಲ. ಎಂಥ ಕಟುಕರಪ್ಪಾ ಅಂದೆ. ಬೆಚ್ಚಗಿದ್ರೆ ವಾಪಸ್ ಬರೋಕೆ ಕರೆಂಟು ಸಾಲದು ಅವ್ವಾ ಅಂದ್ರು ಮೇಷ್ಟ್ರು. ಆವತ್ತಿಂದ ಆ ಕಟುಕರು ನನಗೆ ಹಿಡಿಸಿಬಿಟ್ರು.

ಕದಿರೀ, ಈಗ ನಿನ್ನ ವಿಷಯ. ಬರೋ ಸೋಮವಾರ ಅವರು ಬೀದಿ ಉದ್ದಕ್ಕೂ ನೂಲು ಹಾಸಿ ಗಂಜಿ ಹಚ್ತಾರೆ. ಅವತ್ತು ಕೈ ಖಾಲಿ ಇರಲ್ಲ, ಬಳೆ ತರಬೇಡ ಅಂತ ನಿಮ್ಮತ್ತೆಯೇ ಮುನೆಮ್ಮನಿಗೆ ಹೇಳಿದಾಳೆ. ನೀರು ತರೋಕೆ ನಿನ್ನ ಕಾಲು ಬಿಚ್ಚೋ ದಿನ ಅದೊಂದೇ. ಗಂಜಿ ಹಚ್ಚಿದ ಮೇಲೆ ಒಣಗೋವರೆಗೂ ಕುಂಚ ಎಳೀತಾನೇ ಇರಬೇಕು, ನಡುವೆ ಕೈ ಬಿಟ್ರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಒಲೆಗೆ ಅಂತ ನಿನಗೆ ನಾನು ಹೇಳಿಕೊಡಬೇಕಾ? ಆ ಹೊತ್ತಲ್ಲಿ ನೀನು ನಡೆದ್ರೆ ಹಿಂದೆ ಬರೋಕೆ ಯಾರ ಕೈಯೂ ಖಾಲಿ ಇರಲ್ಲ.

ಇದನ್ನ ನಾನೂ ಕೆಳಗೆ ಪರೀಕ್ಷೆ ಮಾಡ್ದೆ. ನಿನ್ನೆ ನಮ್ಮ ಬೀದೀಲೂ ಹಾಸು ಹಾಕಿ ಗಂಜಿ ಹಚ್ಚಿದ್ವಿ. ಕುಂಚ ನಡೀತಿದ್ದಾಗ ನಿಮ್ಮಮ್ಮನ ಸೊಂಟಕ್ಕೆ ಬಿಂದಿಗೆ ಕೊಟ್ಟು, ಓಡದೆ ಪರಿಗಿ ರಸ್ತೆವರೆಗೂ ನಡಿ ಅಂತ ಕಳಿಸ್ದೆ. ಅವಳು ಮರೆಯಾದ ಮೇಲೆ ಎದೆ ಬಡ್ಕೊಂಡು ನಿಮ್ಮಪ್ಪನಿಗೆ, "ಅಯ್ಯೋ ಹಂಪಮ್ಮ ಮನೆ ಬಿಟ್ಟು ಹೋದ್ಲು ಕಣ್ಲಾ, ಹೋಗಿ ಹಿಡ್ಕೊಂಡು ಬಾ" ಅಂದೆ. ಅವನು ರಸ್ತೆ ನೋಡ್ದ, ಹಾಸು ನೋಡ್ದ. "ಇದು ಒಣಗಲಿ ತಡಿಯಮ್ಮ" ಅಂದ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಕುಂಚ ಬಿಡಲಿಲ್ಲ. ಪಕ್ಕದ ಮನೆಯವರೂ ಬಿಡಲಿಲ್ಲ, ಬಾಯಿ ಮಾತ್ರ ಬಿಟ್ರು. ಅಷ್ಟರಲ್ಲಿ ನಿಮ್ಮಮ್ಮ ರಸ್ತೆ ಮುಟ್ಟಿ, ನೀರು ಹಿಡಿದು, ವಾಪಸ್ ಬಂದು ಅವನ ಮುಂದೇ ನಿಂತ್ಲು. ವಿಷಯ ಗೊತ್ತಾದ ಮೇಲೆ ಅವನ ಜೊತೆ ಮಾತು ಬಿಟ್ಟಿದಾಳೆ. ಬಿಡಲಿ, ನನಗೆ ಬೇಕಾದ ಲೆಕ್ಕ ಸಿಕ್ತು.

ಕುಂಚ ಶುರುವಾಗಿ ಎರಡನೇ ಬಿಂದಿಗೆಗೆ ಹೊರಡು. ಚಪ್ಪಲಿ ಹುಡುಕಬೇಡ, ಸೀರೆ ಬದಲಾಯಿಸಬೇಡ. ಸೊಂಟದಲ್ಲಿ ಬಿಂದಿಗೆ ಇರೋ ಹೆಂಗಸನ್ನ ಎಲ್ಲಿಗೆ ಅಂತ ಯಾರೂ ಕೇಳಲ್ಲ. ಹಿಂದೂಪುರದ ಬಸ್ಸು ಹತ್ತಬೇಡ, ಮೊದಲು ಹುಡುಕೋದು ಅಲ್ಲೇ. ಆ ಮೂವರೂ ಅರ್ಧ ದಾರೀಲಿ ತಿರುಗಿಕೊಳ್ಳಲಿಲ್ಲ, ಚಂದ್ರನ ಬೆನ್ನು ಸುತ್ತಿಕೊಂಡೇ ವಾಪಸ್ ಬಂದ್ರು. ನೀನೂ ಎದುರು ದಿಕ್ಕಿನ ಬೆಳುಗುಪ್ಪದ ಬಸ್ಸು ಹತ್ತು, ಮುನೆಮ್ಮ ಒಳಗೆ ಕೂತಿರ್ತಾಳೆ. ಅವಳ ಮನೇಲಿ ಎರಡು ದಿನ ಇದ್ದು ಅನಂತಪುರದ ಮೇಲೆ ಬಾ. ಅಂಚೇಲಿ ಕಳಿಸಿದ್ರೆ ನಿಮ್ಮತ್ತೆ ಮನೆಯವರು ಒಡೆದು ಓದ್ತಾರೆ ಅಂತ ಈ ಕಾಗದ ಬಳೆ ಕೆಳಗಿಟ್ಟು ಕಳಿಸಿದೀನಿ. ಓದಿ, ಎಲ್ಲಾನೂ ಮುನೆಮ್ಮನಿಗೆ ತಿರುಗಿ ಒಪ್ಪಿಸಿ, ಒಲೆಗೆ ಹಾಕು.

ನಿನಗೆ ಆಯಸ್ಸು ಕೊಡಲಿ ಅಂತ ಚೌಡೇಶ್ವರಿಗೆ ಕೈ ಮುಗಿದಿದೀನಿ. ನಿಮ್ಮಮ್ಮ ಮುದ್ದು ಹೇಳಿದಾಳೆ. ನಿಮ್ಮಪ್ಪನೂ ಏನೋ ಹೇಳ್ದ, ನಾನು ಬರೀಲಿಲ್ಲ.

ಇತಿ ನಿನ್ನ ಅಜ್ಜಿ,
ಬನಶಂಕರಮ್ಮ

ಮರೆತಿದ್ದು. ಮರೆತಿರಲಿಲ್ಲ, ಬರೆಯೋಕೆ ಆಗಲಿಲ್ಲ. ಮುನೆಮ್ಮ ಹೊರಟು ನಿಂತಿದಾಳೆ. ಮಗೂನ ತರಬೇಡ. ಅವತ್ತು ನಿಮ್ಮತ್ತೆ ಅವನನ್ನ ಹೊಸಲಲ್ಲೇ ಮಡಿಲಲ್ಲಿ ಇಟ್ಕೊಂಡಿರ್ತಾಳೆ. ನಿನಗೆ ಅಂತ ಅವರು ಹಾಸು ಬಿಡಲ್ಲ, ಗಂಡುಮಗೂಗೆ ಅಂದ್ರೆ ಹತ್ತು ಹಾಸು ಬಿಟ್ಟು ಓಡಿ ಬರ್ತಾರೆ. ಅವರು ಅವನನ್ನ ಸಾಕ್ತಾರೆ, ನಿನ್ನ ಸಾಕಲ್ಲ. ಹೊರಡೋ ಮುಂಚೆ ಹಾಲು ಕುಡಿಸು, ಮುಖ ನೋಡ್ತಾ ನಿಲ್ಲಬೇಡ. ಬೆಳುಗುಪ್ಪದಲ್ಲಿ ಮುನೆಮ್ಮ ನಾಲ್ಕು ಮೊಳ ಮಲ್ಲಿಗೆ ತರ್ತಾಳೆ. ಅದು ಮುಡಿಯೋಕಲ್ಲ. ಎದೆಗೆ ಬಿಗಿಯಾಗಿ ಕಟ್ಕೋ, ಮೂರು ದಿನಕ್ಕೆ ಹಾಲು ಬತ್ತುತ್ತೆ.