ಭರಮಣ್ಣನವರ ಚೀಟಿ

ರಾಣೆಬೆನ್ನೂರು
ಬುಧವಾರ, ೧೨ ಫೆಬ್ರವರಿ ೨೦೨೫

ಚಿರಂಜೀವಿ ತಮ್ಮ ಮೈಲೇಶನಿಗೆ,

ಅಣ್ಣ ಚನ್ನೇಶನ ಆಶೀರ್ವಾದ, ನೀನು ತೆಗೆದುಕೊಂಡರೂ ಸರಿ, ಹಾಗೇ ಕಟ್ಟೆಯ ಮೇಲೆ ಇಟ್ಟರೂ ಸರಿ. ಬಲಭುಜದ ನೋವು ಈಗ ಹೇಗಿದೆ? ವಿಜಯಪುರದ ಚಳಿಗೆ ಅದು ಜಾಸ್ತಿ ಆಗಿರಬೇಕೆಂದು ನಮ್ಮ ಮನೆಯಾಕೆ, ನಿನ್ನ ವೈನಿ, ದಿನಕ್ಕೊಮ್ಮೆ ಅನ್ನುತ್ತಾಳೆ. ಸಕ್ಕರೆ ತಪಾಸಣೆ ಮಾಡಿಸಿದೆಯಾ? ಶಾಲೆಯ ಮಕ್ಕಳಿಗೆ ಕಲಿಸುವ ಹುರುಪಿನಲ್ಲಿ ಹಾರ್ಮೋನಿಯಂ ಪೇಟಿಯ ಮುಂದೆ ಮೂರು ಮೂರು ತಾಸು ಕೂಡಬೇಡ, ಹರೇದ ಸೊಂಟವಲ್ಲ ಅದು. ಮಗಳು ಕಾವ್ಯಾ, ಅಳಿಯ ಸುಖವಾಗಿದ್ದಾರೆಂದು ನಂಬಿದ್ದೇನೆ. ನಾನೂ ಆರಾಮ ಎಂದು ಬರೆಯುವುದು ರೂಢಿ. ಬಿಡಿಸಿ ಹೇಳಬೇಕೆಂದರೆ ಮಂಡಿನೋವು ಎರಡು, ಬಿಪಿ ಒಂದು, ಮೇಲಿನ ಷಡ್ಜ ಮುಟ್ಟುವಾಗ ಕಣ್ಣಿಗೆ ಕತ್ತಲೆ ಬರುವುದು ಆಗಾಗ. ಉಳಿದದ್ದೆಲ್ಲ ಚೊಕ್ಕ. ಎರಡು ವರ್ಷದಿಂದ ನೀನು ನನ್ನ ಫೋನು ಎತ್ತಿಲ್ಲ, ಮೊಬೈಲಿಗೆ ಏನು ಕಳಿಸಿದರೂ ಎರಡು ನೀಲಿ ಗೀಟು ಬಿದ್ದು ಸುಮ್ಮನಾಗುತ್ತದೆ. ಪತ್ರವನ್ನಾದರೆ ಹರಿಯುವ ಮೊದಲು ಪೂರ್ತಿ ಓದುವ ಮನುಷ್ಯ ನೀನು, ಅದಕ್ಕೆ ಅಂಚೆಗೆ ಹಾಕುತ್ತಿದ್ದೇನೆ.

ನಮ್ಮ ‘ವರದಾ ಬೀಟ್ಸ್’ ಇನ್ನೂ ನಡೆದಿದೆ. ಹಾಡುವುದು ನಾನು, ರಿದಂ ಪ್ಯಾಡಿಗೆ ಅದೇ ಜಹಾಂಗೀರ, ಮೈಕು ಹಿಡಿದು ಮಾತಾಡಲು ಅದೇ ಕೊಟ್ರೇಶ. ಕೀಬೋರ್ಡಿಗೆ ಹಾವೇರಿಯಿಂದ ಒಬ್ಬನನ್ನು ಕರೆಸುತ್ತೇನೆ. ಬೆರಳು ಚಲೋ ಇವೆ, ಕಿವಿ ಇಲ್ಲ. ಜನ ಕೇಳುವುದು ಮಾತ್ರ ಅದೊಂದೇ, ಸೀನಿನ ಹಾಡು. ತೊಂಬತ್ತಾರರಲ್ಲಿ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ರಾಶಿಗಳ ನಡುವೆ ಸೀನುತ್ತಾ ನಿಂತು, ಬೀಡಿ ಕಟ್ಟಿನ ಕಾಗದದ ಮೇಲೆ ನೀನು ಅರ್ಧ ತಾಸಿನಲ್ಲಿ ಬರೆದುಕೊಟ್ಟದ್ದು. ‘ಬ್ಯಾಡಗಿ ಪೇಟ್ಯಾಗ ಸೀನು ಬಂತು, ಸೀನಿನ ಹಿಂದ ನೀನು ಬಂದಿ.’ ಕ್ಯಾಸೆಟ್ಟು ಬಂದ ಮೇಲೆ ನಾವು ಬೇರೆ ಏನನ್ನೂ ಹಾಡುವ ಅಗತ್ಯವೇ ಬೀಳಲಿಲ್ಲ. ನಾನು ಒಮ್ಮೆ ಸೀನಿದರೆ ಇಡೀ ಬಯಲು ಸೀನುತ್ತದೆ, ಮುದುಕರೂ ಮೂಗಿಗೆ ವಸ್ತ್ರ ಹಿಡಿದು ತಯಾರಾಗಿರುತ್ತಾರೆ. ಮೊನ್ನೆ ಬೇಜಾರಿಗೆ ಲೆಕ್ಕ ಹಾಕಿದೆ. ವರ್ಷಕ್ಕೆ ಅರವತ್ತು ಕಾರ್ಯಕ್ರಮ, ಒಂದರಲ್ಲಿ ಎರಡು ಸಲ ಆ ಹಾಡು, ಸಲಕ್ಕೆ ಒಂಬತ್ತು ಸೀನು. ಕೊರೋನಾದ ಎರಡು ವರ್ಷ ಬಿಟ್ಟರೂ ಇಪ್ಪತ್ತೊಂಬತ್ತು ಸಾವಿರ ದಾಟಿತು. ಮನೆಯಲ್ಲಿ ನಿನ್ನ ವೈನಿ ಕಾವೇರಿ, “ನಿಮ್ಮ ಸೀನು ಕೇಳಿ ಕೇಳಿ, ನನಗ ಖರೇ ನೆಗಡಿ ಬಂದ್ರೂ ಮಂದಿ ಚಪ್ಪಾಳಿ ಹೊಡೀತಾರ” ಎನ್ನುತ್ತಾಳೆ. ದಣಿದಿದ್ದೇನೆ, ಮೈಲೇಶ. ಅರವತ್ತೊಂದು ವರ್ಷದ ಮನುಷ್ಯ ಮೂವತ್ತೆರಡರ ಹುಡುಗನ ಹಾಗೆ ಸೀನುತ್ತಾ ನಿಲ್ಲುವುದು ಎಷ್ಟು ದಿನ?

ನಿನ್ನ ಹೊಸ ಹಾಡುಗಳಿಗೆ ನಾನು ಜಾಗ ಕೊಡಲೇ ಇಲ್ಲ ಎಂದು ನೀನು ಅಂದೆ. ಕೊಟ್ಟಿದ್ದೆ, ಎಂಟು ಹಳೆಯದಕ್ಕೆ ಒಂದು ಹೊಸದು. ಆದರೆ ಅಧ್ಯಕ್ಷರ ಭಾಷಣ ಮುಗಿದು ಜನ ನೀರಿಗೆ, ನೆರಳಿಗೆ ಏಳುವ ಹೊತ್ತಿಗೆ ಕೊಟ್ಟಿದ್ದೆ. ಮಿರ್ಚಿ ಬಂಡಿಯವರು ಜಹಾಂಗೀರನ ಹತ್ತಿರ ಬಂದು, “ಸಾಹೇಬ್ರ, ಹೊಸಾದು ಯಾವಾಗ ಹಾಡ್ತೀರಿ? ಎಣ್ಣಿ ಕಾಯಾಕ ಇಡಬೇಕು” ಎಂದು ಕೇಳುತ್ತಿದ್ದದ್ದು ನಿನಗೂ ಗೊತ್ತು. ನಾವೆಲ್ಲ ನಕ್ಕೆವು, ನೀನು ನಗಲಿಲ್ಲ. ಆಮೇಲೆ ಎರಡು ವರ್ಷದ ಹಿಂದೆ ಕದರಮಂಡಲಗಿಯ ಶಾಲೆಯ ಸುವರ್ಣ ಮಹೋತ್ಸವ. ಗಳಗನಾಥದಲ್ಲಿ ವರದೆ ತುಂಗಭದ್ರೆಗೆ ಕೂಡುವುದರ ಮೇಲೆ ನೀನು ಕಟ್ಟಿದ ಹಾಡು, ‘ಗಳಗನಾಥ ದಾಟಿದ ಮ್ಯಾಲ ವರದಾಳ ಹೆಸರ ಕೇಳವರ್ಯಾರ’. ಕೀಬೋರ್ಡು ನುಡಿಸುತ್ತಾ ನೀನೇ ಹಾಡುತ್ತಿದ್ದೆ. ಎರಡನೇ ನುಡಿಗೆ ಹಿಂದಿನಿಂದ ಯಾರೋ “ಸೀನ್ರಿ, ಸೀನು” ಎಂದು ಕೂಗಿದರು. ನಾನು ಜಹಾಂಗೀರನಿಗೆ ಕಣ್ಣು ಹೊಡೆದೆ, ಅವನು ತಾಳ ಬದಲಿಸಿದ. ನಿನ್ನ ಸಾಲು ಬಾಯಲ್ಲಿದ್ದಾಗಲೇ ನಾನು ಸೀನಿದೆ. ನಿನ್ನ ಹಳೆಯ ಹಾಡು ತೆಗೆದುಕೊಂಡು ನಿನ್ನ ಹೊಸ ಹಾಡಿಗೆ ಹೊಡೆದೆ. ನೀನು ಕೀಬೋರ್ಡಿಗೆ ಬಟ್ಟೆ ಹೊದಿಸಿ ಕೆಳಗಿಳಿದು, “ಅಣ್ಣಾ, ಒಮ್ಮೆ ಅದನ್ನ ಪೂರಾ ಹಾಡಿಸು. ಜನ ಕೂತು ಕೇಳಲಿ. ಅವತ್ತ ಹೊಳ್ಳಿ ಬರ್ತೇನಿ” ಎಂದು ಹೇಳಿ ಬಸ್ಸಿನ ಕಡೆ ನಡೆದೆ. ಸಿಟ್ಟಿನಲ್ಲಿ ಹೇಳಿದ್ದರೆ ಮರೆಯುತ್ತಿದ್ದೆ. ಮೆತ್ತಗೆ ಹೇಳಿದೆ, ಅದಕ್ಕೆ ಮರೆತಿಲ್ಲ.

ಈಗ ಸುದ್ದಿ. ಹೋದ ತಿಂಗಳು ಮೂವತ್ತೊಂದಕ್ಕೆ ಗುತ್ತಲದಲ್ಲಿ ವರ್ತಕರ ಸಂಘದ ಇಪ್ಪತ್ತೈದನೇ ವರ್ಷದ ಕಾರ್ಯಕ್ರಮ ಇತ್ತು. ದೀಪಾವಳಿಗೆ ಆಗಬೇಕಾದದ್ದು, ಮಳೆಯಿಂದ ಮುಂದೆ ಹೋಗಿತ್ತು. ಹೊರಡುವ ಮೊದಲೇ ನಿರ್ಧಾರ ಮಾಡಿದ್ದೆ, ಇವತ್ತು ಮೈಲೇಶನ ಹಾಡು ಪೂರ್ತಿ ಆಗಬೇಕು. ಆದರೆ ಬರೀ ನಿರ್ಧಾರಕ್ಕೆ ಜನ ಕೂಡುವುದಿಲ್ಲ. ರೇಡಿಯೋ ರಿಪೇರಿಯಿಂದ ಮೈಕಿಗೆ, ಮೈಕಿನಿಂದ ಸ್ಟೇಜಿಗೆ ಬಂದವನು ನಾನು, ಜನರನ್ನು ಬಲ್ಲೆ. ಕಲಾವಿದ ತಾನಾಗಿ ಹಾಡಿದರೆ ಏಳುತ್ತಾರೆ. ಊರಿನ ಹಿರಿಯರೊಬ್ಬರು ಚೀಟಿ ಕಳಿಸಿ ಇಂಥ ಹಾಡು ಹಾಡಿರಿ ಎಂದರೆ, ಅವರ ಮರ್ಯಾದೆಗೆ ಕೂಡುತ್ತಾರೆ. ಹಾಗಾಗಿ ಚೀಟಿಯನ್ನು ನಾನೇ ಬರೆಯುವುದೆಂದು ಯೋಚಿಸಿದೆ. ಯಾರ ಹೆಸರಿನಲ್ಲಿ ಎಂದು ನನ್ನ ಚೀಟಿ ಪುಸ್ತಕ ತೆಗೆದೆ. ಮೂವತ್ತು ವರ್ಷದಿಂದ ಯಾವ ಊರಲ್ಲಿ ಯಾರು ಯಾವ ಹಾಡಿಗೆ ಚೀಟಿ ಕಳಿಸಿದರು ಎಂದು ಅದರಲ್ಲಿ ಬರೆದಿಡುತ್ತೇನಲ್ಲ, ಅದು. ಗುತ್ತಲದ ಹಾಳೆಯಲ್ಲಿ ‘ತೂಕದ ಭರಮಣ್ಣ’ ಎಂದು ತೊಂಬತ್ತೆಂಟರಿಂದ ಪ್ರತಿ ಸಲ ಇದೆ. ಪೇಟೆಯಲ್ಲಿ ಕಾಳು ತೂಗುವವರು. ಅವರು ತೂಗಿದ್ದನ್ನು ಯಾರೂ ಎರಡನೇ ಸಲ ತೂಗಿಸುವುದಿಲ್ಲ ಎಂಬ ಹೆಸರು. ಇಂಥವರ ಹೆಸರಿದ್ದರೆ ಸಾಕು ಎಂದು ಚೀಟಿ ಬರೆದು, ಕೊಟ್ರೇಶ ಓದುವ ಚೀಟಿಗಳ ನಡುವೆ ಸೇರಿಸಿಬಿಟ್ಟೆ. ನನ್ನ ಪುಸ್ತಕದಲ್ಲಿ ಹಾಡಿಗೆ ಕಾಲಂ ಇತ್ತು, ತಾರೀಖಿಗೆ ಇತ್ತು. ತೀರಿಕೊಂಡವರಿಗೆ ಇರಲಿಲ್ಲ.

ಏಳು ಗಂಟೆಯ ಸುಮಾರು ಕೊಟ್ರೇಶ ಓದಿದ. “ತೂಕದ ಭರಮಣ್ಣನವರಿಂದ ಚೀಟಿ ಬಂದೈತಿ. ಗಳಗನಾಥದ ಹಾಡು, ಪೂರಾ ಹಾಡಬೇಕಂತ.” ಬಯಲು ಒಮ್ಮೆಲೇ ಸುಮ್ಮನಾಯಿತು. ನನ್ನ ಉಪಾಯ ಹತ್ತಿತು ಎಂದುಕೊಂಡೆ. ಜಹಾಂಗೀರ ಬಗ್ಗಿ ಕಿವಿಯಲ್ಲಿ, “ಅಣ್ಣಾ, ಆ ಮನಿಷ್ಯಾ ದೀಪಾವಳಿ ಆದ ವಾರಕ್ಕ ಹೋಗ್ಯಾನಂತ. ಮುಂದ ಕುಂತವರು ಅನ್ನಾಕತ್ತಾರ” ಎಂದ. ಬಾಯಿ ತೆರೆದು ಏನಾದರೂ ಹೇಳಬೇಕು, ತಪ್ಪಾಯಿತು ಎನ್ನಬೇಕು ಎನ್ನುವಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು ನಿಂತಳು. ಅವರ ಹೆಂಡತಿ ಹೊನ್ನವ್ವ. “ಮೊದಲ ಬರೆಸಿ ಕೊಟ್ಟ ಹೋಗ್ಯಾರೇನ್ರಿ? ಹಂಗಾರ ಹಾಡ್ರಿ, ನಿಂತಿರ್ಯಾಕ?” ಎಂದಳು.

ಹಾಡಿದೆ. ನಾಲ್ಕೂ ನುಡಿ ಹಾಡಿದೆ. ನಿನ್ನ ಶ್ರುತಿಗಿಂತ ಎರಡು ಮನೆ ಕೆಳಗೆ, ಮೂರನೇ ನುಡಿಯಲ್ಲಿ ಒಂದು ಸಾಲು ತಡವರಿಸಿದೆ, ಕ್ಷಮಿಸು. ಒಬ್ಬರೂ ಏಳಲಿಲ್ಲ. ಮಿರ್ಚಿ ಬಂಡಿಯವನು ಒಲೆ ಸಣ್ಣದು ಮಾಡಿ ಕೈಕಟ್ಟಿ ನಿಂತಿದ್ದ. ಮೈಲೇಶ, ಅದು ಎಷ್ಟು ಚಲೋ ಹಾಡು ಎಂದು ನನಗೆ ಅವತ್ತೇ ಗೊತ್ತಾದದ್ದು. ಹೊಳೆ ತನ್ನ ಹೆಸರು ಬಿಟ್ಟುಕೊಟ್ಟು ಸುಮ್ಮನೆ ಮುಂದೆ ಹೋಗುವ ಆ ಕಡೆಯ ನುಡಿ ಬಂದಾಗ, ನಾನು ಇಷ್ಟು ವರ್ಷ ಪೋಸ್ಟರಿನ ಮೇಲೆ ನನ್ನ ಹೆಸರನ್ನಷ್ಟೇ ಹಾಕಿಸುತ್ತಾ ಬಂದದ್ದು ನೆನಪಾಗಿ ತಲೆ ತಗ್ಗಿಸಿ ಹಾಡಿದೆ. ಜನ ಅದನ್ನೂ ಭರಮಣ್ಣನ ದುಃಖ ಎಂದು ತಿಳಿದರು. ಆಮೇಲೆ ಯಾರೂ ಸೀನು ಕೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸೀನದೆ ಕೆಳಗಿಳಿದೆ. ಜಹಾಂಗೀರ ವೈರು ಸುತ್ತುತ್ತಾ, “ನೋಡಣ್ಣಾ, ನಮ್ಮ ಹೊಸಾ ಹಾಡು ಕೇಳಬೇಕಂದ್ರ ಊರಾಗ ಒಬ್ಬರು ಸಾಯಬೇಕಾತು” ಎಂದ. ಅವನಿಗೆ ಚೀಟಿಯ ಗುಟ್ಟು ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಅಷ್ಟರಲ್ಲಿ ಹೊನ್ನವ್ವ ಮೆಟ್ಟಿಲ ಹತ್ತಿರ ಬಂದಳು. ಚೀಟಿ ಕೇಳುತ್ತಾಳೆ ಎಂದುಕೊಂಡು, ಎಲ್ಲೋ ಕಳೆಯಿತು ಎಂಬ ಸುಳ್ಳನ್ನು ಸಿದ್ಧ ಮಾಡಿಟ್ಟಿದ್ದೆ. ಅವಳು ಚೀಟಿ ಕೇಳಲಿಲ್ಲ. “ಚೀಟಿ ತಗೊಂಡು ನಾ ಏನ ಮಾಡ್ಲಿ? ನನಗ ಓದಾಕ ಬರಂಗಿಲ್ಲ, ಅವರಿಗೆ ಬರಿಯಾಕ ಬರತಿರಲಿಲ್ಲ. ಯಾವಾಗಲೂ ಯಾರ ಕಡಿಂದರ ಬರಸತಿದ್ರು. ಇದನ್ನ ಯಾರ ಕಡಿಂದ ಬರಸಿದ್ರು, ಅಷ್ಟ ಹೇಳ್ರಿ. ಬರಸೂ ಮುಂದ ಏನೇನ ಅಂದ್ರು ಅಂತ ಅವರನ್ನ ಕೇಳಬೇಕು. ಲಕ್ವಾ ಹೊಡದ ಮ್ಯಾಲ ಎಂಟ ದಿನಾ ಮಾತ ಇರಲಿಲ್ಲ. ಕೈ ಹಿಡದು ಏನೋ ಹೇಳಾಕ ನೋಡತಿದ್ರು, ನನಗ ತಿಳಿಲಿಲ್ಲ” ಎಂದಳು. ನಾನು “ಹುಡುಕಿ ಹೇಳತೇನಬೇ” ಎಂದು, ಇಲ್ಲದ ಪ್ಲಗ್ಗು ಹುಡುಕಲು ಸ್ಟೇಜಿನ ಹಿಂದೆ ಹೋದೆ.

ಸುದ್ದಿ ನಮಗಿಂತ ಮುಂಚೆ ಊರೂರಿಗೆ ಹೋಗಿದೆ. ಬ್ಯಾಡಗಿಯಲ್ಲಿ ಮೊನ್ನೆ ಮೊದಲ ಚೀಟಿಯೇ ‘ಭರಮಣ್ಣನ ಹಾಡು’ ಎಂದು ಬಂತು. ಸೀನಿನ ಹಾಡು ಎರಡನೆಯದಾಯಿತು, ಅದೂ ಒಂದೇ ಸಲ. ಈ ತಿಂಗಳು ಇಪ್ಪತ್ತಮೂರಕ್ಕೆ ಹಾವೇರಿಯ ಕಾರ್ಯಕ್ರಮದವರು, ಆ ಗಳಗನಾಥದ ಹಾಡು ಇದ್ದರೆ ಮಾತ್ರ ಬರ್ರಿ ಎಂದಿದ್ದಾರೆ. ನೀನು ಕೇಳಿದ್ದು ನಡೆದಿದೆ. ಪೂರ್ತಿ ಹಾಡಿದ್ದೇವೆ, ಜನ ಕೂತು ಕೇಳಿದ್ದಾರೆ. ಬಾ. ಅದು ನಿನ್ನ ದನಿಯ ಹಾಡು. ನಾನು ಪಕ್ಕದಲ್ಲಿ ತಾಳ ಹಾಕುತ್ತೇನೆ. ಪೋಸ್ಟರಿನ ಮೇಲೆ ನಿನ್ನ ಹೆಸರು ಮೇಲೆ, ನನ್ನದು ಕೆಳಗೆ. ಪ್ರೆಸ್ಸಿನವನಿಗೆ ಹೇಳಿಯಾಗಿದೆ.

ವೈನಿ ನಿನಗೆ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕುಟ್ಟಿಟ್ಟಿದ್ದಾಳೆ, ಬಂದು ಒಯ್ಯಬೇಕಂತೆ, ಕಳಿಸುವುದಿಲ್ಲವಂತೆ. ಜಹಾಂಗೀರ, ಕೊಟ್ರೇಶ ನೆನಪು ಹೇಳಿದ್ದಾರೆ. ಕಾವ್ಯಾಳ ತಲೆಯ ಮೇಲೆ ದೊಡ್ಡಪ್ಪನ ಕೈ ಇಟ್ಟೆನೆಂದು ಹೇಳು. ಭುಜ ಜೋಪಾನ.

ನಿನ್ನ ಅಣ್ಣ,
ಚನ್ನೇಶ

ತಾಜಾ ಕಲಂ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹೊನ್ನವ್ವ ಈ ಸೋಮವಾರ ಗುತ್ತಲದಿಂದ ಬಸ್ಸು ಹಿಡಿದು ನಮ್ಮ ಮೈಕಿನ ಅಂಗಡಿಗೇ ಬಂದಳು. ಯಾರು ಬರೆದದ್ದು ಎಂದು ಕೇಳಿದಾಗ ನನ್ನ ಬಾಯಿಗೆ ಬಂದದ್ದು ನಿನ್ನ ಹೆಸರು. ತಮ್ಮ ಬರೆದುಕೊಟ್ಟಿದ್ದ, ಈಗ ವಿಜಯಪುರದಲ್ಲಿದ್ದಾನೆ, ಬಂದಾಗ ಹೇಳುತ್ತಾನೆ ಎಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಲಗೂ ಬರಲಿ, ನಾ ಎಷ್ಟ ದಿನಾ ಇರತೇನೋ” ಎಂದು ಹೋದಳು. ನಿನ್ನನ್ನು ಸುಳ್ಳು ಹೇಳು ಎಂದು ಕೇಳಲಾರೆ. ಅವರ ಕಡೆಯ ಮಾತೆಂದು ನಾವು ಏನನ್ನು ಕಟ್ಟಿ ಕೊಟ್ಟರೂ ಅವಳು ಅದನ್ನು ಸಾಯುವ ತನಕ ನಂಬುತ್ತಾಳೆ, ಅದೇ ಅಂಜಿಕೆ. ಶುಕ್ರವಾರ ಇಪ್ಪತ್ತೊಂದಕ್ಕೆ ಗುತ್ತಲಕ್ಕೆ ಹೋಗಿ ಇದ್ದದ್ದನ್ನು ಹೇಳುತ್ತೇನೆ. ಆಮೇಲೆ ಆ ಹಾಡನ್ನು ಯಾರೂ ಕೇಳಲಿಕ್ಕಿಲ್ಲ. ಹಾವೇರಿಯವರೂ ಬೇಡ ಅನ್ನಬಹುದು. ಹಾಡು ನಿನ್ನದು, ಅದಕ್ಕೆ ಮೊದಲು ನಿನಗೆ ತಿಳಿಸುತ್ತಿದ್ದೇನೆ. ನೀನು ಇಟ್ಟ ಕರಾರು ಖರೇ ಅರ್ಥದಲ್ಲಿ ಪೂರಾ ಆಗಿಲ್ಲ, ಅದೂ ನನಗೆ ಗೊತ್ತು. ಹಾಗಿದ್ದರೂ ಶುಕ್ರವಾರಕ್ಕೆ ಬಾ. ಹಾಡುವುದು ಬೇಡ, ಮಾತಾಡುವುದೂ ಬೇಡ, ಹೇಳುವುದನ್ನೆಲ್ಲ ನಾನೇ ಹೇಳುತ್ತೇನೆ. ಅವಳ ಮನೆಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿರು.